ಕಾಮಾಲೆಗೆ ಹಾಕಿದ ಸ್ಟೆಂಟ್ ಒಳಗಿರುವಾಗಲೇ ಪಿತ್ತಕೋಶ ಊದಿಕೊಂಡರೆ ಏನು ಮಾಡುವುದು?

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರ. ಅಪ್ಪನಿಗೆ 69 ವರ್ಷ. ಪ್ಯಾಂಕ್ರಿಯಾಸ್‌ನ ತಲೆಭಾಗದಲ್ಲಿ ಕ್ಯಾನ್ಸರ್. ರಕ್ತನಾಳಕ್ಕೆ ಹಬ್ಬಿದೆ, ಆಪರೇಷನ್ ಆಗುವುದಿಲ್ಲ ಎಂದಿದ್ದಾರೆ. ಎರಡು ತಿಂಗಳ ಹಿಂದೆ ಕಾಮಾಲೆ ಬಂದಾಗ ಪಿತ್ತನಾಳಕ್ಕೆ ಲೋಹದ ಸ್ಟೆಂಟ್ ಹಾಕಿದರು. ಕಾಮಾಲೆ ಇಳಿಯಿತು, ಕೀಮೋ ಶುರುವಾಯಿತು. ಈಗ ನಾಲ್ಕು ದಿನದಿಂದ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಚಳಿಜ್ವರ. ಅಡ್ಮಿಟ್ ಮಾಡಿ ಎರಡು ದಿನ ಆಯಿತು. ಆಂಟಿಬಯೋಟಿಕ್ ಹೋಗುತ್ತಿದೆ, ಜ್ವರ ಪೂರ್ತಿ ಬಿಟ್ಟಿಲ್ಲ. ಸ್ಕ್ಯಾನಿನಲ್ಲಿ ಪಿತ್ತಕೋಶ ಊದಿದೆ, ಕಲ್ಲಿಲ್ಲ ಎಂದು ಬಂದಿದೆ. ಒಬ್ಬ ಡಾಕ್ಟರು ಹೊರಗಿನಿಂದ ಪೈಪ್ ಹಾಕೋಣ ಅನ್ನುತ್ತಾರೆ, ಇನ್ನೊಬ್ಬರು ಎಂಡೋಸ್ಕೋಪಿಯಲ್ಲಿ ಒಳಗಿನಿಂದಲೇ ಸ್ಟೆಂಟ್ ಹಾಕಬಹುದು ಅನ್ನುತ್ತಾರೆ. ಮನೆಯವರೆಲ್ಲ ಪಿತ್ತಕೋಶವನ್ನೇ ತೆಗೆಸಿಬಿಡಿ ಅನ್ನುತ್ತಿದ್ದಾರೆ. ಒಂದು ಸ್ಟೆಂಟ್ ಇದೆಯಲ್ಲ, ಇನ್ನೊಂದು ಯಾಕೆ? ಮೊದಲನೆಯದನ್ನು ತಪ್ಪಾಗಿ ಹಾಕಿದರೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮನ್ನು ಜಾಸ್ತಿ ಕೊರೆಯುತ್ತಿರುವುದು ಅದೇ ಅಂತ ಕಾಣುತ್ತದೆ. ಇಲ್ಲ, ಹೀಗಾಯಿತು ಎಂದ ಮಾತ್ರಕ್ಕೆ ಮೊದಲ ಸ್ಟೆಂಟ್ ತಪ್ಪಾಗಿ ಹಾಕಿದ್ದಾರೆ ಎಂದು ಹೇಳಲು ಆಗುವುದಿಲ್ಲ. ಅದು ತನ್ನ ಕೆಲಸ ಮಾಡಿದೆ. ಕಾಮಾಲೆ ಇಳಿದಿದ್ದೇ ಅದಕ್ಕೆ ಸಾಕ್ಷಿ. ಪಿತ್ತನಾಳಕ್ಕೆ ಸರಿಯಾಗಿಯೇ ಲೋಹದ ಸ್ಟೆಂಟ್ ಹಾಕಿಸಿಕೊಂಡವರಲ್ಲೂ ಕೆಲವರಿಗೆ ಆಮೇಲೆ ಪಿತ್ತಕೋಶ ಊದುವುದುಂಟು. ನಾವು ಡಾಕ್ಟರುಗಳು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕಾದ ತೊಂದರೆಗಳಲ್ಲಿ ಇದೂ ಒಂದು. ಹೇಳಿರುತ್ತಾರೆ, ಆ ಗಡಿಬಿಡಿಯಲ್ಲಿ ಮನೆಯವರ ಕಿವಿಗೆ ಬಿದ್ದಿರುವುದಿಲ್ಲ. ಅಥವಾ ಸರಿಯಾಗಿ ಹೇಳಿರುವುದಿಲ್ಲ, ಅದೂ ಆಗುತ್ತದೆ.

ಯಾಕೆ ಹೀಗಾಗುತ್ತದೆ ಎಂಬುದಕ್ಕೆ ನಮ್ಮ ಕಡೆಯ ತೋಟವನ್ನೇ ನೆನೆಸಿಕೊಳ್ಳಿ. ಗುಡ್ಡದಿಂದ ಒಂದು ತೋಡು ಇಳಿದು ಹೊಳೆ ಸೇರುತ್ತದೆ. ತೋಡಿನ ಪಕ್ಕದಲ್ಲೊಂದು ಸಣ್ಣ ಮದಕ, ಅಂದರೆ ನೀರು ನಿಲ್ಲುವ ಕೆರೆ. ಮದಕಕ್ಕೂ ತೋಡಿಗೂ ನಡುವೆ ಒಂದು ಕಿರಿದಾದ ಕಣಿ. ನೀರು ಒಳಗೆ ಹೋಗುವುದೂ ಅದರಲ್ಲೇ, ಹೊರಗೆ ಬರುವುದೂ ಅದರಲ್ಲೇ. ಗುಡ್ಡ ಅಂದರೆ ಲಿವರ್. ಅದು ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸ ಮಾಡುತ್ತದೆ. ತೋಡು ಅಂದರೆ ಪಿತ್ತನಾಳ, ಹೊಳೆ ಅಂದರೆ ಸಣ್ಣ ಕರುಳು. ಮದಕ ಅಂದರೆ ಪಿತ್ತಕೋಶ, ಹಿಡಿಯುವುದು ಬರೀ 30ರಿಂದ 50 ಮಿಲಿಲೀಟರ್. ನಡುವಿನ ಕಣಿಗೆ ನಾವು ಸಿಸ್ಟಿಕ್ ಡಕ್ಟ್ ಎನ್ನುತ್ತೇವೆ. ಕೆಲವೇ ಮಿಲಿಮೀಟರ್ ಅಗಲದ ಕೊಳವೆ ಅದು, ಒಳಗೆ ಸುರುಳಿ ಸುರುಳಿಯಾದ ಮಡಿಕೆಗಳು.

ನಿಮ್ಮ ಅಪ್ಪನ ಗಡ್ಡೆ ತೋಡನ್ನು ಕೆಳಭಾಗದಲ್ಲಿ ಅದುಮಿತು, ಪಿತ್ತರಸ ಹಿಂದಕ್ಕೆ ಒತ್ತಿ ಕಾಮಾಲೆ ಆಯಿತು. ಅಲ್ಲಿ ಲೋಹದ ಜಾಲರಿಯ ಸ್ಟೆಂಟ್ ಇಟ್ಟರು. ಇವು ಸಾಮಾನ್ಯವಾಗಿ 10 ಮಿಲಿಮೀಟರ್ ಅಗಲಕ್ಕೆ ಅರಳುತ್ತವೆ. ತೋಡು ಬಿಡಿಸಿಕೊಂಡಿತು. ಆದರೆ ಕಣಿಯ ಬಾಯಿ ಇರುವ ಜಾಗಕ್ಕೇ ಗಡ್ಡೆ ಹಬ್ಬಿದ್ದರೆ, ಅರಳಿದ ಸ್ಟೆಂಟ್ ಆ ಗಡ್ಡೆಯನ್ನು ಪಕ್ಕಕ್ಕೆ ತಳ್ಳಿ ಬಾಯಿಯನ್ನು ಪೂರ್ತಿ ಮುಚ್ಚಬಹುದು. ಮೇಲೆ ಪೊರೆ ಹೊದಿಸಿದ ಸ್ಟೆಂಟ್ ಆದರೆ ಆ ಪೊರೆಯೂ ಮುಚ್ಚಬಹುದು. ಆಗ ಮದಕದ ನೀರು ನಿಂತಲ್ಲೇ ನಿಲ್ಲುತ್ತದೆ, ಕರುಳಿನ ಬ್ಯಾಕ್ಟೀರಿಯಾ ಸ್ಟೆಂಟಿನ ದಾರಿಯಲ್ಲಿ ಮೇಲೆ ಬಂದು ಸೇರಿಕೊಳ್ಳುತ್ತವೆ, ಕೀವು ಆಗುತ್ತದೆ. ಕಲ್ಲು ಬೇಕೆಂದೇ ಇಲ್ಲ. ಹಾಗಾಗಿ ಎರಡು ಸ್ಟೆಂಟ್‌ಗಳ ಕೆಲಸವೇ ಬೇರೆ. ಒಂದು ತೋಡಿಗೆ, ಇನ್ನೊಂದು ಮದಕಕ್ಕೆ. ಪಿತ್ತಕೋಶದ ಸ್ಟೆಂಟ್ ಹಾಕಿದ ಮೇಲೆ ಹಳೆಯದು ಬೇಡ ಅಂತಲೂ ಅಲ್ಲ, ಅದು ಇರಲೇಬೇಕು.

ಈಗ, ಯಾವ ಪೈಪ್ ಎಂಬುದಕ್ಕೆ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಸೋಂಕು ನಿಜವಾಗಿ ಎಲ್ಲಿದೆ? ಇದನ್ನು ಒತ್ತಿ ಹೇಳಲು ಕಾರಣ ಉಂಟು. ಪ್ಯಾಂಕ್ರಿಯಾಸ್ ಕ್ಯಾನ್ಸರಿನಲ್ಲಿ ಪಿತ್ತಕೋಶ ಸುಮ್ನೆ ಊದಿಕೊಂಡು ಕೈಗೆ ಸಿಗುವುದು ಹಳೆಯ ವಿಷಯ. ಕೂರ್ವಾಸಿಯೆ ಎಂಬ ಸ್ವಿಸ್ ಸರ್ಜನ್ 1890ರಲ್ಲೇ ಇದನ್ನು ಬರೆದಿದ್ದಾರೆ, ಇವತ್ತಿಗೂ ಮೆಡಿಕಲ್ ವಿದ್ಯಾರ್ಥಿಗಳಿಗೆ ಅವರ ಹೆಸರಿನಲ್ಲೇ ಕಲಿಸುತ್ತೇವೆ. ಅಂದರೆ ಸ್ಕ್ಯಾನಿನಲ್ಲಿ ‘ಊದಿದೆ’ ಎಂದು ಬಂದರೆ ಅಷ್ಟೇ ಸಾಲದು. ಗೋಡೆ ದಪ್ಪ ಆಗಿದೆಯಾ, ಸುತ್ತ ನೀರು ಉಂಟಾ, ಸ್ಕ್ಯಾನ್ ಕಡ್ಡಿಯನ್ನು ಸರಿಯಾಗಿ ಅದರ ಮೇಲೆ ಒತ್ತಿದಾಗ ಅಪ್ಪ ಉಸಿರು ಹಿಡಿದು ಮುಖ ಕಿವುಚುತ್ತಾರಾ, ಇದನ್ನೆಲ್ಲ ನೋಡಬೇಕು. ಇನ್ನೊಂದು ಕಡೆ, ತೋಡಿನ ಸ್ಟೆಂಟೇ ಕೆಸರು ಕಟ್ಟಿ ಅಥವಾ ಗಡ್ಡೆ ಒಳಗೆ ಬೆಳೆದು ಮುಚ್ಚಿಕೊಂಡಿದ್ದರೂ ಚಳಿಜ್ವರವೇ ಬರುತ್ತದೆ. ಆದರೆ ಆಗ ರಕ್ತದಲ್ಲಿ ಕಾಮಾಲೆಯ ಮಟ್ಟ ತೋರಿಸುವ ಬಿಲಿರುಬಿನ್ ಮತ್ತೆ ಏರುತ್ತದೆ, ಕಣ್ಣು ಹಳದಿ ಆಗುತ್ತದೆ, ಮೂತ್ರ ಕಡು ಬಣ್ಣಕ್ಕೆ ತಿರುಗುತ್ತದೆ. ಅದು ಹಾಗಿದ್ದರೆ ಮೊದಲು, ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳ ತಲುಪುವ ಇಆರ್‌ಸಿಪಿ ಮಾಡಿ ಆ ಸ್ಟೆಂಟನ್ನು ಸರಿ ಮಾಡಬೇಕು, ಪಿತ್ತಕೋಶ ಆಮೇಲೆ. ಒಮ್ಮೊಮ್ಮೆ ಎರಡೂ ಒಟ್ಟಿಗೇ ಇರುತ್ತವೆ. ನೀವು ಬಿಲಿರುಬಿನ್ ಎಷ್ಟು ಎಂದು ಬರೆದಿಲ್ಲ. ಇವತ್ತಿನ ರಿಪೋರ್ಟ್ ನೋಡಿ, ಸ್ಟೆಂಟ್ ಹಾಕಿ ಇಳಿದ ಮೇಲಿನ ಸಂಖ್ಯೆಗೆ ಹೋಲಿಸಿ ಕೇಳಿ.

ಕೀಮೋ ನಡೆಯುವವರಲ್ಲಿ ಇನ್ನೊಂದು ತೊಡಕು. ಸೋಂಕು ಇದ್ದರೆ ಬಿಳಿ ರಕ್ತಕಣ ಏರಬೇಕು, ಆದರೆ ಕೀಮೋದಿಂದ ಅವು ಮೊದಲೇ ಕುಗ್ಗಿದ್ದರೆ ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದೇ ಕಾಣಬಹುದು, ಒಳಗೆ ಕೀವು ತುಂಬಿದ್ದರೂ ಕೂಡ. ಆದ್ದರಿಂದ ಕೊನೆಯ ಕೀಮೋ ಯಾವತ್ತು ಆಯಿತು ಎಂಬ ತಾರೀಕನ್ನು ಡ್ಯೂಟಿ ಡಾಕ್ಟರಿಗೆ ನೀವೇ ಹೇಳಿ. ಕೀಮೋ ಒಂದು ಆಸ್ಪತ್ರೆಯಲ್ಲಿ, ಅಡ್ಮಿಟ್ ಆದದ್ದು ಇನ್ನೊಂದರಲ್ಲಿ ಆಗಿದ್ದರೆ ಇದು ತಪ್ಪಿಹೋಗುವ ವಿಷಯ.

ಇನ್ನು ಮನೆಯವರ ಮಾತು, ಪಿತ್ತಕೋಶವನ್ನೇ ತೆಗೆಸುವುದು. ಅವರು ಹೇಳುವುದು ಸುಳ್ಳಲ್ಲ. ನಿಮ್ಮ ಪಕ್ಕದ ಮನೆಯವರಿಗೆ ಕಲ್ಲಿನಿಂದ ಹೀಗಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಕಲ್ಲಿನಿಂದ ಊದಿದ ಪಿತ್ತಕೋಶಕ್ಕೆ, ಸ್ವಲ್ಪ ಅಪಾಯ ಜಾಸ್ತಿ ಇರುವ ರೋಗಿಗಳಲ್ಲೂ, ಹೊರಗಿನ ಪೈಪಿಗಿಂತ ಸಣ್ಣ ತೂತುಗಳ ಮೂಲಕ ಪಿತ್ತಕೋಶ ತೆಗೆಯುವ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಯೇ ಒಳ್ಳೆಯದು ಎಂದು ನೆದರ್ಲೆಂಡ್ಸ್‌ನ ಒಂದು ದೊಡ್ಡ ಅಧ್ಯಯನ 2018ರಲ್ಲಿ ತೋರಿಸಿತು. ಆದರೆ ಅಲ್ಲಿ ಕಲ್ಲು ಹೋದರೆ ರೋಗವೇ ಹೋಯಿತು. ನಿಮ್ಮ ಅಪ್ಪನಲ್ಲಿ ಸರ್ಜನ್ ಕತ್ತರಿಸಿ ಕ್ಲಿಪ್ ಹಾಕಬೇಕಾದ ಜಾಗವೇ ಗಡ್ಡೆ ಹಿಡಿದ ಜಾಗ. ಅಲ್ಲಿ ಹಾಕಿದ ಕ್ಲಿಪ್ ನಿಲ್ಲುತ್ತದೆಂಬ ಧೈರ್ಯ ಇಲ್ಲ, ಪಿತ್ತರಸ ಸೋರಬಹುದು. ಗಾಯ ಮಾಗುವವರೆಗೆ ಕೀಮೋ ನಿಲ್ಲುತ್ತದೆ, ಅದು ವಾರಗಟ್ಟಲೆ. ಈ ಕಾಯಿಲೆಯಲ್ಲಿ ವಾರಗಳಿಗೆ ಬೆಲೆ ಉಂಟು. ಸರ್ಜನ್ ಬೇಡ ಅಂದಿದ್ದರೆ ಅವರು ಕೈಬಿಟ್ಟರು ಎಂದು ತಿಳಿಯಬೇಡಿ.

ಹಾಗೆಂದು ಬರೀ ಆಂಟಿಬಯೋಟಿಕ್ ಮೇಲೆ ಕಾಯುವುದೂ ಸರಿಯಲ್ಲ. ಮುಚ್ಚಿದ ಚೀಲದೊಳಗಿನ ಕೀವಿಗೆ ಔಷಧ ಸರಿಯಾಗಿ ತಲುಪುವುದಿಲ್ಲ. ಎರಡು ದಿನ ಕೊಟ್ಟೂ ಜ್ವರ ಬಿಟ್ಟಿಲ್ಲ ಅಂದರೆ ಅದನ್ನು ಖಾಲಿ ಮಾಡಬೇಕು. ಖಾಲಿ ಮಾಡಲು ಮೂರು ದಾರಿ.

ಹೊರಗಿನ ಪೈಪ್ ಅಂದರೆ, ಚರ್ಮ ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡಿಕೊಂಡು, ಲಿವರಿನ ಅಂಚಿನ ಮೂಲಕ ಪಿತ್ತಕೋಶಕ್ಕೆ ಸೂಜಿ ಹಾಕಿ, ಅದರ ದಾರಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪದ, ತುದಿ ಸುರುಳಿ ಸುತ್ತಿಕೊಳ್ಳುವ ಕೊಳವೆ ಇಡುವುದು. ಬೇಗ ಆಗುತ್ತದೆ. ಪೂರ್ತಿ ಅರಿವಳಿಕೆ ಬೇಡ. ಐಸಿಯುವಿನಲ್ಲಿ ಹಾಸಿಗೆಯ ಪಕ್ಕದಲ್ಲೇ ನಿಂತು ಮಾಡಬಹುದು. ಬಿಪಿ ಇಳಿದು, ಮೂತ್ರ ಕಡಿಮೆಯಾಗಿ, ಮಾತು ತೊದಲುತ್ತಿರುವ ರೋಗಿಗೆ ಇದು ಪ್ರಾಣ ಉಳಿಸುವ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಕಷ್ಟ ಇರುವುದು ಆಮೇಲೆ. ಕಲ್ಲಿನ ರೋಗಿಗೆ ಈ ಪೈಪ್ ಕೆಲವು ವಾರಗಳ ಮಾತು, ಆಮೇಲೆ ತೆಗೆಯುತ್ತೇವೆ. ಕ್ಯಾನ್ಸರಿನಿಂದ ಕಣಿಯ ಬಾಯಿ ಮುಚ್ಚಿದವರಿಗೆ ಮುಚ್ಚಿದ್ದು ತೆರೆಯುವುದಿಲ್ಲ, ಪೈಪ್ ತೆಗೆದರೆ ಮತ್ತೆ ತುಂಬುತ್ತದೆ. ಹಾಗಾಗಿ ‘ತಾತ್ಕಾಲಿಕ’ ಎಂದು ಹಾಕಿದ್ದು ಕೊನೆಯವರೆಗೂ ಉಳಿದುಬಿಡುತ್ತದೆ. ಸೊಂಟಕ್ಕೊಂದು ಚೀಲ, ದಿನಾ ಸಲೈನ್ ಹಾಕಿ ತೊಳೆಯುವುದು, ಬಲಗಡೆಗೆ ತಿರುಗಿ ಮಲಗಲು ಭಯ. ನಮ್ಮ ಕರಾವಳಿಯ ಸೆಖೆಗೆ ಬೆವರಿ ಪ್ಲಾಸ್ಟರ್ ಬಿಟ್ಟುಹೋಗುತ್ತದೆ, ಮಳೆಗಾಲದಲ್ಲಿ ಚರ್ಮ ತೇವವಾಗಿ ಕೆಂಪಾಗುತ್ತದೆ. ನಾನು ನೋಡುತ್ತಿದ್ದ ಮಲ್ಪೆ ಕಡೆಯ ಒಬ್ಬ ಹಿರಿಯರಿಗೆ ನಿದ್ದೆಯಲ್ಲಿ ಎರಡು ಸಲ ಪೈಪ್ ಜಾರಿ ಬಂತು, ಎರಡು ಸಲವೂ ರಾತ್ರಿ ಆಸ್ಪತ್ರೆಗೆ ಓಡಿ ಬಂದರು. ಅವರು ನೋವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಮನೆಯ ದೈವದ ಕೋಲಕ್ಕೆ ಈ ಚೀಲ ಕಟ್ಟಿಕೊಂಡು ಹೇಗೆ ಕೂರುವುದು ಎಂದಷ್ಟೇ ಕೇಳಿದರು. ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದಿದೆ. ಅಲ್ಲಿಂದ ಮೇಲೆ ನಾನು ಪೈಪಿನ ಮಾತು ಎತ್ತುವಾಗೆಲ್ಲ, ಹಾಕುವ ದಿನದ ಬಗ್ಗೆ ಅಲ್ಲ, ಹಾಕಿದ ಮೇಲಿನ ಮೂರು ತಿಂಗಳ ಬಗ್ಗೆ ಮೊದಲು ಮಾತಾಡುತ್ತೇನೆ. ನೀವೂ ಹಾಗೆಯೇ ಯೋಚಿಸಿ ಎಂದು ಕೇಳಿಕೊಳ್ಳುತ್ತೇನೆ.

ಎರಡನೆಯ ದಾರಿ ಇಆರ್‌ಸಿಪಿಯದ್ದು. ಮೊದಲ ಸ್ಟೆಂಟ್ ಹಾಕಿದ ದಾರಿಯೇ, ಬಾಯಿಯಿಂದ ಕರುಳಿಗೆ, ಅಲ್ಲಿಂದ ಪಿತ್ತನಾಳಕ್ಕೆ. ಅಲ್ಲಿ ಕಣಿಯ ಬಾಯಿ ಹುಡುಕಿ, ಕೂದಲಿನಂಥ ತಂತಿ ತೂರಿಸಿ, ಅದರ ಮೇಲೆ ಎರಡೂ ತುದಿ ಸುರುಳಿ ಇರುವ ತೆಳು ಪ್ಲಾಸ್ಟಿಕ್ ಸ್ಟೆಂಟ್ ಇಡುವುದು, ದಪ್ಪ ಸುಮಾರು 2.3 ಮಿಲಿಮೀಟರ್. ಎಲ್ಲೂ ಹೊಸ ತೂತು ಮಾಡುವುದಿಲ್ಲ, ಅದೇ ಇದರ ದೊಡ್ಡ ಗುಣ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಲು ಆಗದವರಿಗೆ, ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ನಾನು ಮೊದಲು ಇದನ್ನೇ ನೋಡುತ್ತೇನೆ. ಮುಂದೆ ಗಡ್ಡೆಗೆ ಆಪರೇಷನ್ ಆಗುವ ಆಸೆ ಇರುವವರಿಗೂ ಇದು ಒಳ್ಳೆಯದು. ಸರ್ಜನ್ ಕೆಲಸ ಮಾಡುವ ಜಾಗವನ್ನು ಕೆಡಿಸುವುದಿಲ್ಲ.

ಆದರೆ ನಿಮ್ಮ ಅಪ್ಪನ ಸ್ಥಿತಿಯಲ್ಲಿ ತಂತಿ ತೂರಬೇಕಾದ ಬಾಯಿಯ ಮೇಲೇ ಗಡ್ಡೆ ಕೂತಿದೆ, ಅದರ ಮೇಲೆ ಲೋಹದ ಜಾಲರಿ. ಜಾಲರಿಯ ಕಣ್ಣಿನೊಳಗಿಂದ ತೂರಿಸಿ ಸುರುಳಿ ಮಡಿಕೆಗಳನ್ನು ದಾಟಿಸುವುದು, ಸಾಧ್ಯ ಉಂಟು, ಆದರೆ ಸಿಗದೇ ಹೋಗುವುದು ಜಾಸ್ತಿ. ಪೊರೆ ಇರುವ ಸ್ಟೆಂಟ್ ಆಗಿದ್ದರೆ ಮೊದಲು ಅದನ್ನೇ ಎಳೆದು ತೆಗೆಯಬೇಕು. ಪ್ರಯತ್ನದಲ್ಲಿ ಪ್ಯಾಂಕ್ರಿಯಾಸ್ ಊದಿಕೊಳ್ಳುವ, ಆ ಸಣ್ಣ ಕೊಳವೆ ಹರಿಯುವ ಅಪಾಯವೂ ಇದೆ. ಹಾಗಾಗಿ ನಿಮಗೆ ಹಾಕಿದ್ದು ಪೊರೆ ಇರುವ ಸ್ಟೆಂಟಾ, ಇಲ್ಲದ್ದಾ ಎಂಬುದು ಸಣ್ಣ ವಿಷಯ ಅಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿರುತ್ತದೆ, ಹುಡುಕಿ ಇಟ್ಟುಕೊಳ್ಳಿ.

ಮೂರನೆಯದು, ನಿಮಗೆ ಇನ್ನೊಬ್ಬ ಡಾಕ್ಟರು ಹೇಳಿದ್ದು ಬಹುಶಃ ಇದೇ. ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಎಂಡೋಸ್ಕೋಪ್. ಇದಕ್ಕೆ ಇಯುಎಸ್ ಎನ್ನುತ್ತೇವೆ. ಜಠರದ ಕೊನೆ ಮತ್ತು ಸಣ್ಣ ಕರುಳಿನ ಶುರು ಇರುವಲ್ಲಿ, ಗೋಡೆಯ ಆಚೆಗೇ ಪಿತ್ತಕೋಶ ಅಂಟಿಕೊಂಡ ಹಾಗೆ ಇರುತ್ತದೆ, ಊದಿದಾಗಂತೂ ಇನ್ನೂ ಹತ್ತಿರ. ಒಳಗಿನಿಂದಲೇ ಅದನ್ನು ನೋಡಿ, ನಡುವೆ ರಕ್ತನಾಳ ಇಲ್ಲ ಎಂದು ಖಚಿತ ಮಾಡಿಕೊಂಡು, ವಿದ್ಯುತ್ತಿನಿಂದ ಬಿಸಿಯಾಗುವ ತುದಿಯಿಂದ ಎರಡೂ ಗೋಡೆಗಳನ್ನು ದಾಟಿ, ಅಲ್ಲಿ ಡಮರುವಿನ ಆಕಾರದ ಲೋಹದ ಸ್ಟೆಂಟ್ ಬಿಡುತ್ತಾರೆ. ಒಂದು ಅಗಲ ತುದಿ ಪಿತ್ತಕೋಶದೊಳಗೆ, ಇನ್ನೊಂದು ಕರುಳಿನೊಳಗೆ, ನಡುವಿನ ಸೊಂಟ ಸಾಮಾನ್ಯವಾಗಿ 10 ಅಥವಾ 15 ಮಿಲಿಮೀಟರ್ ಅಗಲ. ಬಿಟ್ಟ ಕೂಡಲೇ ಕೀವು ಕರುಳಿಗೆ ಸುರಿಯುವುದು ಪರದೆಯ ಮೇಲೆ ಕಾಣುತ್ತದೆ. ಮುಚ್ಚಿದ ಕಣಿಯ ಗೊಡವೆಯೇ ಇಲ್ಲ, ಮದಕದಿಂದ ಹೊಳೆಗೆ ನೇರ ಹೊಸ ದಾರಿ. ಹೊರಗೆ ಚೀಲ ಇಲ್ಲ.

ಹಾಂಗ್‌ಕಾಂಗ್‌ನ ವೈದ್ಯರು ಮುಂದೆ ನಿಂತು ನಡೆಸಿದ, 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಆಪರೇಷನ್ ತಡೆಯದ ಸುಮಾರು 80 ರೋಗಿಗಳನ್ನು ಎರಡು ಗುಂಪು ಮಾಡಿ ಈ ಎರಡು ವಿಧಾನ ಹೋಲಿಸಿದರು. ಒಂದು ವರ್ಷದಲ್ಲಿ ಏನಾದರೂ ತೊಂದರೆ ಆದವರು ಹೊರಗಿನ ಪೈಪಿನವರಲ್ಲಿ ನೂರಕ್ಕೆ 77, ಒಳಗಿನ ಸ್ಟೆಂಟಿನವರಲ್ಲಿ ನೂರಕ್ಕೆ 26ರ ಆಸುಪಾಸು. ಪಿತ್ತಕೋಶ ಮತ್ತೆ ಊದಿದ್ದು ನೂರಕ್ಕೆ 20 ಮತ್ತು ನೂರಕ್ಕೆ 3ರಷ್ಟು. ಅವರೆಲ್ಲ ಕಲ್ಲಿನ ರೋಗಿಗಳು, ಕ್ಯಾನ್ಸರಿನಿಂದ ಪಿತ್ತಕೋಶ ಊದಿದವರಲ್ಲ. ಅದಕ್ಕೇ ಈ ಸಂಖ್ಯೆಗಳನ್ನು ಅಪ್ಪನಿಗೆ ಹಾಗೇ ಅಂಟಿಸಬೇಡಿ. ಆದರೆ ತೊಂದರೆಗಳಲ್ಲಿ ದೊಡ್ಡ ಪಾಲು ಪೈಪ್ ಜಾರುವುದು, ಕಟ್ಟುವುದು, ಮತ್ತೆ ಅಡ್ಮಿಟ್ ಆಗುವುದು. ಪೈಪ್ ಬಿಡದೇ ಇಟ್ಟುಕೊಳ್ಳಬೇಕಾದವರಿಗೆ ಅದು ಇನ್ನೂ ಹೆಚ್ಚು ಲೆಕ್ಕಕ್ಕೆ ಬರುತ್ತದೆ ಅಲ್ವಾ?

ಅಪಾಯ ಇಲ್ಲದ ಕೆಲಸ ಇದಲ್ಲ. ರಕ್ತಸ್ರಾವ ಆಗಬಹುದು. ಸ್ಟೆಂಟಿನ ಒಂದು ತುದಿ ಸರಿಯಾದ ಜಾಗದಲ್ಲಿ ಬಿಚ್ಚಿಕೊಳ್ಳದೆ ಜಾರಿದರೆ ಪಿತ್ತರಸ ಹೊಟ್ಟೆಯೊಳಗೆ ಸೋರುತ್ತದೆ, ಅದು ಗಂಭೀರ. ಪಿತ್ತಕೋಶ ಆಗಲೇ ಒಡೆದಿದ್ದರೆ, ಅದಕ್ಕೂ ಕರುಳಿಗೂ ನಡುವೆ ನೀರು ನಿಂತಿದ್ದರೆ, ರಕ್ತ ಹೆಪ್ಪುಗಟ್ಟದ ಸ್ಥಿತಿ ಇದ್ದರೆ ಮಾಡಬಾರದು. ಕಾಮಾಲೆ ಆದವರಲ್ಲಿ ವಿಟಮಿನ್ ಕೆ ದೇಹಕ್ಕೆ ಸರಿಯಾಗಿ ಸೇರದೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ತೋರಿಸುವ ಐಎನ್‌ಆರ್ ಏರಿರುತ್ತದೆ, ಅದನ್ನು ಇಂಜೆಕ್ಷನ್ ಕೊಟ್ಟು ಸರಿಪಡಿಸಬಹುದು. ಹೃದಯಕ್ಕೆಂದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ ಇದು ಕೈಪಳಗಿದವರ ಕೆಲಸ. ಮಾಡುವ ಡಾಕ್ಟರಿಗೆ ‘ನೀವು ಇದನ್ನು ಎಷ್ಟು ಮಾಡಿದ್ದೀರಿ, ಏನಾದರೂ ಆದರೆ ಸರ್ಜನ್ ಇದ್ದಾರಾ’ ಎಂದು ಕೇಳಲು ನಾಚಿಕೆ ಬೇಡ. ನನ್ನನ್ನು ಕೇಳಿದರೆ ನನಗೆ ಬೇಜಾರಾಗುವುದಿಲ್ಲ.

ಹಾಗಾದರೆ ನಿಮ್ಮ ಅಪ್ಪನಿಗೆ ಯಾವುದು? ನೀವು ಬರೆದಷ್ಟನ್ನು ನಂಬಿ ಹೇಳುವುದಾದರೆ, ಗಡ್ಡೆಗೆ ಆಪರೇಷನ್ ಇಲ್ಲ, ಕಣಿ ಮುಚ್ಚಿದ್ದು ತೆರೆಯುವ ಹಾಗಿಲ್ಲ, ಕೀಮೋ ಮುಂದುವರಿಯಬೇಕು. ಬಿಪಿ ಸರಿ ಇದ್ದು, ಹೊಟ್ಟೆಯಲ್ಲಿ ನೀರಿಲ್ಲದೆ, ಐಎನ್‌ಆರ್ ಮತ್ತು ಪ್ಲೇಟ್‌ಲೆಟ್ ಹಿಡಿತದಲ್ಲಿದ್ದರೆ ನಾನು ಇಯುಎಸ್ ಸ್ಟೆಂಟ್ ಕಡೆಗೇ ವಾಲುತ್ತೇನೆ. ಇವತ್ತು ರಾತ್ರಿ ಬಿಪಿ ಇಳಿದರೆ, ಅಥವಾ ಇಯುಎಸ್ ಮಾಡುವವರು ಸಿಗಲು ಎರಡು ಮೂರು ದಿನ ಕಾಯಬೇಕು ಎಂದಾದರೆ, ಹೊರಗಿನ ಪೈಪನ್ನು ಈಗಲೇ ಹಾಕಿಸಿ, ಒಂದು ಗಂಟೆಯೂ ತಡ ಮಾಡಬೇಡಿ. ಅದು ಸೋಲಲ್ಲ. ಕೀವು ಇಳಿದು ಅಪ್ಪ ಚೇತರಿಸಿಕೊಂಡ ಮೇಲೆ ಹೊರಗಿನದನ್ನು ಒಳಗಿನ ಸ್ಟೆಂಟ್ ಆಗಿ ಬದಲಿಸಬಹುದು, ಮಲ್ಪೆಯ ಆ ಹಿರಿಯರಿಗೆ ಕೊನೆಗೆ ಮಾಡಿದ್ದು ಅದನ್ನೇ. ಆದರೆ ಹಾಕಿಸುವಾಗಲೇ ‘ಇದನ್ನು ಯಾವಾಗ, ಹೇಗೆ ತೆಗೆಯುವ ಯೋಚನೆ ಇದೆ’ ಎಂದು ಕೇಳಿಡಿ. ಕೇಳದಿದ್ದರೆ ಅದು ಹಾಗೇ ಉಳಿದುಬಿಡುತ್ತದೆ.

ಊಟ ಮಾಡಿದ್ದೆಲ್ಲ ವಾಂತಿಯಾಗುತ್ತಿದೆಯಾ ಎಂಬುದನ್ನೂ ಹೇಳಿ. ಪ್ಯಾಂಕ್ರಿಯಾಸ್ ತಲೆಯ ಗಡ್ಡೆ ಸಣ್ಣ ಕರುಳಿನ ಶುರುವನ್ನೂ ಅದುಮಬಲ್ಲದು. ಹಾಗಾಗಿದ್ದರೆ ಎಂಡೋಸ್ಕೋಪ್ ಮುಂದೆ ಹೋಗುವುದಿಲ್ಲ, ಜಠರದಿಂದಲೇ ದಾರಿ ಮಾಡಬೇಕಾಗುತ್ತದೆ.

ದುಡ್ಡಿನ ಮಾತನ್ನೂ ಆಡಲೇಬೇಕು. ಡಮರು ಸ್ಟೆಂಟ್ ದುಬಾರಿ, ಹೊರಗಿನ ಪೈಪಿನ ಖರ್ಚು ಅದರ ಮುಂದೆ ಬಹಳ ಕಡಿಮೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಆದರೆ ಈ ನಿರ್ದಿಷ್ಟ ಸ್ಟೆಂಟ್ ಪ್ಯಾಕೇಜಿನಲ್ಲಿ ಬರುತ್ತದೆಯಾ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳಿ, ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾದರೆ ಇವತ್ತೇ ಮಾಡಿಸಿಕೊಳ್ಳಿ. ಈಗ ಇರುವ ಆಸ್ಪತ್ರೆಯಲ್ಲಿ ಇಯುಎಸ್ ಇಲ್ಲದಿದ್ದರೆ ಮಣಿಪಾಲವೋ ಮಂಗಳೂರೋ ಎಂದು ಮನೆಯವರ ನಡುವೆ ಚರ್ಚೆ ಆಗುತ್ತದೆ. ಊರಿನ ಹೆಸರು ನೋಡಬೇಡಿ. ಈ ವಾರ ಮಾಡುವ ಡಾಕ್ಟರು ಯಾವ ಕಡೆ ಇದ್ದಾರೆ ಎಂದು ಫೋನ್ ಮಾಡಿ ಕೇಳಿಕೊಂಡು ಆಮೇಲೆ ಆಂಬುಲೆನ್ಸ್ ಹತ್ತಿ. ಸ್ಕ್ಯಾನಿನ ಸಿಡಿ, ಮೊದಲ ಸ್ಟೆಂಟಿನ ಕಾಗದ, ಕೀಮೋ ಫೈಲ್ ಮೂರೂ ಕೈಯಲ್ಲಿರಲಿ.

ಖಾಲಿಯಾದ ಮೇಲೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಜ್ವರ, ನೋವು ಇಳಿಯಬೇಕು. ಇಳಿಯದಿದ್ದರೆ ಮತ್ತೆ ಸ್ಕ್ಯಾನ್. ಮೊದಲು ಗಂಜಿ ತೆಳಿ, ಆಮೇಲೆ ಕುಚ್ಚಲಕ್ಕಿ ಗಂಜಿ, ನಿಧಾನಕ್ಕೆ ಮಾಮೂಲಿ ಊಟ. ಡಮರು ಸ್ಟೆಂಟ್ ಹಾಕಿದ್ದರೆ ಚೆನ್ನಾಗಿ ಅಗಿದು ತಿನ್ನಲಿ, ಬಸಳೆ ದಂಟಿನಂಥ ನಾರಿನ ತುಂಡುಗಳನ್ನು ನುಂಗುವುದು ಬೇಡ, ಆಹಾರ ಹೋಗಿ ಕಟ್ಟಿಕೊಳ್ಳಬಹುದು. ಕಾಮಾಲೆ ಇತ್ತಲ್ಲ ಎಂದು ಯಾರಾದರೂ ನಾಟಿ ಮದ್ದು ತಂದುಕೊಟ್ಟರೆ ದಯವಿಟ್ಟು ಬೇಡ. ಇದು ದಾರಿ ಮುಚ್ಚಿ ಬಂದ ಕಾಮಾಲೆ. ಮದ್ದಿನಿಂದ ದಾರಿ ತೆರೆಯುವುದಿಲ್ಲ, ಕೀಮೋ ನಡುವೆ ಲಿವರಿಗೆ ಇನ್ನಷ್ಟು ಹೊರೆ. ಕೀಮೋ ಯಾವಾಗ ಮತ್ತೆ ಶುರು ಎಂಬುದನ್ನು ಸೋಂಕು ಇಳಿದ ಮೇಲೆ ಕ್ಯಾನ್ಸರ್ ಡಾಕ್ಟರೇ ಹೇಳಬೇಕು.

ಇನ್ನೊಂದು. ನಿಮ್ಮ ಪತ್ರದಲ್ಲಿ ಒಬ್ಬ ಡಾಕ್ಟರು ಏನಂದರು, ಇನ್ನೊಬ್ಬರು ಏನಂದರು, ಮನೆಯವರು ಏನಂದರು ಎಲ್ಲ ಇದೆ. ಅಪ್ಪ ಏನಂದರು ಎಂಬುದು ಇಲ್ಲ. ನಮ್ಮ ಕಡೆ ಕ್ಯಾನ್ಸರ್ ಎಂಬ ಮಾತನ್ನು ರೋಗಿಯ ಎದುರಿಗೆ ಆಡದೆ ಮುಚ್ಚಿಡುವ ಮನೆಗಳನ್ನು ದಿನಾ ನೋಡುತ್ತೇನೆ, ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಚೀಲ ಕಟ್ಟಿಕೊಂಡು ತಿರುಗಾಡುವವರು ಅವರು. ಸ್ವಲ್ಪ ಅಪಾಯ ಇದ್ದರೂ ಪರವಾಗಿಲ್ಲ ಚೀಲ ಬೇಡ ಅನ್ನುತ್ತಾರೋ, ಮತ್ತೆ ಎಂಡೋಸ್ಕೋಪಿ ಬೇಡ ಮಾರಾಯ್ತಿ, ಹೊರಗಿನಿಂದಲೇ ಹಾಕಲಿ ಅನ್ನುತ್ತಾರೋ, ಪಕ್ಕದಲ್ಲಿ ಕೂತು ಅವರ ಬಾಯಿಂದಲೇ ಕೇಳಿ. ಆ ಉತ್ತರವನ್ನು ಡಾಕ್ಟರಿಗೂ ತಿಳಿಸಿ.

ಆಸ್ಪತ್ರೆ ಬಿಡುವ ಮುಂಚೆ, ಹಾಕಿದ ಸ್ಟೆಂಟ್ ಯಾವುದು, ಯಾವ ತಾರೀಕು, ಬದಲಿಸಬೇಕಾ ಅಥವಾ ಹಾಗೇ ಬಿಡುತ್ತಾರಾ ಎಂದು ಬರೆಸಿಕೊಳ್ಳಿ. ಎಂಆರ್‌ಐ ಮಾಡಿಸುವಾಗ ಆ ಕಾಗದ ತೋರಿಸಬೇಕಾಗುತ್ತದೆ. ಜ್ವರ 100.4 ಡಿಗ್ರಿ ದಾಟಿದರೆ, ಕಣ್ಣು ಮತ್ತೆ ಹಳದಿಯಾದರೆ, ಮಲ ಡಾಂಬರಿನ ಹಾಗೆ ಕಪ್ಪಾದರೆ, ಹೊಟ್ಟೆ ಗಟ್ಟಿಯಾಗಿ ಮುಟ್ಟಲು ಬಿಡದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ವಾರ್ಡಿನ ಸಿಸ್ಟರ್ ಹತ್ತಿರ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.